ಆರು ದೋಣಿ, ಒಂದು ರುಜು

ಭಾಲ್ಕಿ
9 ಸೆಪ್ಟೆಂಬರ್ 2024

ಮುನೀರ ಭಾಯಿಗೆ ಶಿವರಾಜಪ್ಪನ ಶರಣು.

ಫೋನು ಮಾಡಿದರೆ ನಿನ್ನ ಎಡಗಿವಿ ‘ಹಾಂ?’ ಅನ್ನುತ್ತದೆ, ಬಲಗಿವಿ ‘ಆಯ್ತು’ ಅನ್ನುತ್ತದೆ, ಕೊನೆಗೆ ಎರಡೂ ಸೇರಿ ‘ಬರೆದು ಕಳಿಸು’ ಅನ್ನುತ್ತವೆ. ಅದಕ್ಕೇ ಬರೆಯುತ್ತಿದ್ದೇನೆ. ಕೆಲಸ ಸಣ್ಣದು. ಒಂದು ರುಜು.

ಈ ವರ್ಷ ಮಳೆ ಕೈಬಿಚ್ಚಿ ಬಂದದ್ದು ನಿನಗೆ ಗೊತ್ತು. ಸಂತಪುರ ದಾಟಿದ ಮೇಲೆ ಸಿಗುವ ಕೆರೆ ಏರಿಯ ತನಕ ತುಂಬಿದೆ. ಭಾನುವಾರ ಬಂತೆಂದರೆ ಔರಾದಿನಿಂದ, ಚಿಂತಾಕಿಯಿಂದ, ಡಾಬಕಾದಿಂದ ಜನ ಬುತ್ತಿ ಕಟ್ಟಿಕೊಂಡು ಬಂದು ನೀರು ನೋಡುತ್ತಾ ಕೂರುತ್ತಾರೆ. ಸುಮ್ಮನೆ ನೋಡುವ ಜನರನ್ನು ಕಂಡರೆ ನನ್ನ ಕೈ ತುರಿಸುತ್ತದೆ, ನೀನು ಬಲ್ಲೆ. ಐದು ತುಳಿಯುವ ದೋಣಿ, ಒಂದು ಹುಟ್ಟು ಹಾಕುವ ದೋಣಿ ತರಿಸಿದ್ದೇನೆ. ತುಳಿಯುವವಕ್ಕೆ ಹಂಸದ ಕುತ್ತಿಗೆ. ಒಂದರ ಕೊಕ್ಕು ದಾರಿಯಲ್ಲಿ ಮುರಿದು ಅದು ಬಾತುಕೋಳಿಯಾಗಿದೆ.

ಈಗ ಪಂಚಾಯಿತಿಯವರು ಒಂದು ಷರತ್ತು ಹಾಕಿದ್ದಾರೆ. ದೋಣಿ ನಡೆಸುವವರಿಗೂ, ಬಾಡಿಗೆಗೆ ಹತ್ತುವವರಿಗೂ ಸುರಕ್ಷತೆಯ ತರಬೇತಿ ಆಗಿದೆ ಎಂದು ಅಗ್ನಿಶಾಮಕ ದಳದಲ್ಲಿ ದುಡಿದ ಅನುಭವಿಯೊಬ್ಬರು ಬರೆದು ಕೊಡಬೇಕಂತೆ. ಬೀದರಿನಲ್ಲಿ ಅಂಥ ಅನುಭವಿ ನೀನು. ಕಾಗದ ಟೈಪು ಮಾಡಿಸಿ ಇದರ ಜೊತೆಗೇ ಇಟ್ಟಿದ್ದೇನೆ. ರುಜು ಎಲ್ಲಿ ಹಾಕಬೇಕೆಂದು ಪೆನ್ಸಿಲಿನಿಂದ ಗುರುತೂ ಮಾಡಿದ್ದೇನೆ. ನಿನಗೆ ಉಳಿದಿರುವುದು ಪೆನ್ನಿನ ಟೊಪ್ಪಿ ತೆಗೆಯುವ ಕೆಲಸ.

ಮನೆಯವಳು ಭಾಭಿಗೆ ನಮಸ್ಕಾರ ಹೇಳಿದ್ದಾಳೆ.

ಅವಸರದಲ್ಲಿರುವ
ಶಿವರಾಜಪ್ಪ

ಬೀದರ
17 ಸೆಪ್ಟೆಂಬರ್ 2024

ಶಿವರಾಜ, ಸಲಾಂ.

ಕಾಗದ ಓದಿದೆ. ‘ತರಬೇತಿ ನೀಡಲಾಗಿದೆ’ ಎಂದಿದೆ. ಯಾರು ನೀಡಿದರು, ಯಾರಿಗೆ, ಯಾವತ್ತು?

ನಿನ್ನ ಆಳುಗಳು ಹತ್ತು ದಿನ ಕಲಿಯಲಿ. ನೀನೂ ಕಲಿ. ಹತ್ತುವ ಜನರಿಗೆ ದಂಡೆಯ ಮೇಲೆ ಪ್ರತಿಸಲ ಕಾಲು ಗಂಟೆ ಹೇಳಿಕೊಡುವ ವ್ಯವಸ್ಥೆ ಮಾಡು. ಆಮೇಲೆ ನಾನು ಬಂದು ನೋಡುತ್ತೇನೆ, ಸರಿ ಕಂಡರೆ ರುಜು ಮಾಡುತ್ತೇನೆ. ಪೆನ್ಸಿಲಿನ ಗುರುತನ್ನು ಅಳಿಸಿದ್ದೇನೆ.

ಮುನೀರೋದ್ದೀನ

ಭಾಲ್ಕಿ
22 ಸೆಪ್ಟೆಂಬರ್ 2024

ಮುನೀರ ಭಾಯಿಗೆ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಮೂರು ಸಲವೂ ಅದು ಹಾಗೆಯೇ ಇತ್ತು.

ಭಾಲ್ಕಿಯ ಬಸ್‌ಸ್ಟ್ಯಾಂಡಿನ ಎದುರಿಗೆ ನಾನು ಇಪ್ಪತ್ತೆರಡು ವರ್ಷ ಗಂಟೆ ಲೆಕ್ಕದಲ್ಲಿ ಸೈಕಲ್ ಕೊಟ್ಟವನು. ನಿನಗೂ ಕೊಟ್ಟಿದ್ದೇನೆ. ‘ಮೊದಲು ಕಾಲು ಗಂಟೆ ಉಪದೇಶ ಕೇಳು, ಆಮೇಲೆ ಸೀಟಿನ ಮೇಲೆ ಕೂರು’ ಎಂದಿದ್ದೆನೇ? ಬಿದ್ದವನು ಮೊಣಕಾಲು ಕೆತ್ತಿಸಿಕೊಂಡು ಎದ್ದು ಬರುತ್ತಿದ್ದ, ಮರುದಿನ ಮತ್ತೆ ಒಯ್ಯುತ್ತಿದ್ದ. ಕಲಿಯುವುದೆಂದರೆ ಅದು. ಈ ತುಳಿಯುವ ದೋಣಿ ನೀರಿನ ಮೇಲಿನ ಸೈಕಲ್. ಇದಕ್ಕೆ ಲೈಸೆನ್ಸು, ಪಾಠ, ಪರೀಕ್ಷೆ! ನಾಳೆ ಎತ್ತಿನ ಬಂಡಿ ಹತ್ತುವವನಿಗೂ ಫೋಟೋ ಅಂಟಿಸಿದ ಕಾರ್ಡು ಕೊಡಿ. ಜೋಕಾಲಿ ಆಡುವ ಹೆಣ್ಣುಮಕ್ಕಳಿಗೆ ಪಂಚಮಿಯ ಹಿಂದಿನ ದಿನ ಪರೀಕ್ಷೆ ಇಡಿ.

ಭಾನುವಾರ ಕುಟುಂಬ ಸಮೇತ ಬಂದವನಿಗೆ ಕಾಲು ಗಂಟೆ ಪಾಠ ಹೇಳಿದರೆ ಅವನು ಬುತ್ತಿ ಬಿಚ್ಚಿ ಉಂಡು ಮನೆಗೆ ಹೋಗುತ್ತಾನೆ. ಅವನು ಶಾಲೆ ಬಿಟ್ಟು ಮೂವತ್ತು ವರ್ಷವಾಗಿದೆ, ಮತ್ತೆ ಸೇರಿಸಬೇಡ. ನನ್ನ ಆಳು ಮಕ್ಬೂಲ ಹುಟ್ಟಿದಾಗಿನಿಂದ ಬಲೆ ಬೀಸಿದವನು. ಇನ್ನೊಬ್ಬ ದಿಲೀಪ, ಚಿಂತಾಕಿಯ ಕುರಿಗಾರರ ಮನೆಯವನು. ಅವನಿಗೆ ಈಜು ಬರುವುದಿಲ್ಲ, ಆದರೆ ಓಡಾಡುವುದನ್ನು ಒಂದೆಡೆ ನಿಲ್ಲಿಸುವುದು ಬರುತ್ತದೆ.

ಒಂದು ನೇರ ಪ್ರಶ್ನೆ ಕೇಳುತ್ತೇನೆ, ನೇರವಾಗಿ ಉತ್ತರಿಸು. ಮೂವತ್ತೊಂದು ವರ್ಷ ನೌಕರಿ ಮಾಡಿದೆಯಲ್ಲ, ಕೆರೆಗಳಿಂದ ನೀನು ಎಷ್ಟು ಜನರನ್ನು ತೆಗೆದೆ? ಹೇಳು. ನೋಡೋಣ, ಇಷ್ಟು ಸಡಗರಕ್ಕೆ ಆ ಅಂಕಿ ತಕ್ಕದ್ದೋ ಅಲ್ಲವೋ.

ಬೇಸತ್ತ
ಶಿವರಾಜಪ್ಪ

ಬೀದರ
8 ಅಕ್ಟೋಬರ್ 2024

ಶಿವರಾಜ,

ಸೈಕಲ್ಲಿನಿಂದ ಬಿದ್ದವನು ಎದ್ದು ಬರುತ್ತಿದ್ದ ಎಂದು ಬರೆದಿದ್ದೀಯ. ಕೆರೆಗೆ ಬಿದ್ದವನು ಎದ್ದು ಬರುವುದಿಲ್ಲ. ನಿನ್ನ ಉಳಿದ ಲೆಕ್ಕವೆಲ್ಲ ಸರಿ.

ಸಮುದ್ರದ ದಂಡೆಯವನಿಗೆ ನೀರೆಂದರೆ ಭಯವಿರುತ್ತದೆ. ನಮ್ಮ ಕಡೆಯವನು ನೀರು ಕಂಡರೆ ಖುಷಿಯಾಗುತ್ತಾನೆ. ನಾನು ನೋಡಿದ ಮಟ್ಟಿಗೆ ಮುಳುಗುವುದು ಖುಷಿಯಾದವನೇ.

ಎಷ್ಟು ಜನರನ್ನು ತೆಗೆದೆ ಎಂದು ಕೇಳಿದ್ದೀಯ. ಆ ಅಂಕಿಯನ್ನು ನಿನಗೆ ಬರೆಯುವುದಿಲ್ಲ. ನೀನು ಅದನ್ನು ಮೂವತ್ತೊಂದರಿಂದ ಭಾಗಿಸುತ್ತೀಯ.

ನನ್ನ ಜೊತೆ ದುಡಿದ ರಶೀದ ಅಹ್ಮದನನ್ನು ಕಳಿಸುತ್ತೇನೆ. ದೀಪಾವಳಿಗೆ ಮುಂಚೆ ಹತ್ತು ದಿನ ಕಲಿಸುತ್ತಾನೆ. ಬೇಡವಾದರೆ ತಿಳಿಸು.

ಮುನೀರೋದ್ದೀನ

ಭಾಲ್ಕಿ
4 ನವೆಂಬರ್ 2024

ಮುನೀರ ಭಾಯಿಗೆ,

ಬೇಡ ಎಂದು ಬರೆಯಲು ಕಾರ್ಡು ತರುವಷ್ಟರಲ್ಲಿ ನಿನ್ನ ರಶೀದ ಬಂದೇ ಬಿಟ್ಟ. ಮನುಷ್ಯನೋ ಸೈರನ್ನೋ? ಮೊದಲ ದಿನವೇ ನನ್ನ ಮುಂದೆ ಬಂದು ನಿಂತ.

‘ಮಾಲಕ, ನೀರಾಗ ಇಳೀರಿ.’

‘ನಾ ಯಾಕ ಇಳೀಲಿ? ನಾ ದಂಡಿ ಮ್ಯಾಲ ಕೂತು ಚೀಟಿ ಹರಿಯಾಂವ.’

‘ಚೀಟಿ ಹರಿಯಾಂವ್ರಿಗೆ ನೀರು ಗುರ್ತ ಇರಂಗಿಲ್ರಿ. ಹಂಗಂತ ನೀರು ಅವರನ್ನ ಬಿಡಂಗಿಲ್ಲ. ಇಳೀರಿ.’

ಅರವತ್ತೊಂದನೆಯ ವಯಸ್ಸಿನಲ್ಲಿ, ಕಿತ್ತಳೆ ಬಣ್ಣದ ಜಾಕೆಟ್ಟು ತೊಟ್ಟು, ಧೋತರ ತಲೆಯ ತನಕ ತೇಲಿ ಬರುವಂತೆ ನಾನು ಕೆರೆಗೆ ಇಳಿದೆ. ಏರಿಯ ಮೇಲೆ ಶೇಂಗಾ ಹುರಿದು ಮಾರುವ ಮುದುಕಿ ಕುಲಸುಮಬೀ ಒಲೆ ಆರಿಸಿ ನೋಡಲು ಬಂದಳು. ವ್ಯಾಪಾರ ಬಿಟ್ಟು ಆಕೆ ನೋಡಿದ ಮೊದಲ ತಮಾಷೆ ನಾನು.

ಹತ್ತು ದಿನದಲ್ಲಿ ನಾನು ಕಲಿತದ್ದು: ಜಾಕೆಟ್ಟಿಗೆ ಮೂರು ಬಕಲ್, ಮೂರನ್ನೂ ಹಾಕಬೇಕು. ಮುಳುಗುವವನನ್ನು ಕಂಡು ನೀರಿಗೆ ಹಾರುವವನು ದಡ್ಡ. ‘ಕೈ ಕೊಡಬ್ಯಾಡ್ರಿ, ಬಿದಿರಿನ ಗಳ ಕೊಡ್ರಿ. ಕೈ ಕೊಟ್ರ ನಿಮ್ಮನ್ನೂ ಕರ್ಕೊಂಡ ಹೋಗ್ತಾನ.’ ದೋಣಿ ಹತ್ತಲು ದಂಡೆಗೆ ಹಾಕಿದ ಹಲಗೆಯ ಮೇಲೆ ಅಂಗಾತ ಅಲ್ಲ, ಬೋರಲು ಮಲಗಿ ಗಳ ಚಾಚಬೇಕು. ಇದನ್ನು ನನ್ನಿಂದ ನಲವತ್ತು ಸಲ ಮಾಡಿಸಿದ. ನಾನು ಎಣಿಸಿದ್ದೇನೆ. ಹೊಟ್ಟೆಯ ಚರ್ಮ ಹಲಗೆಗೆ ಅಂಟಿಕೊಂಡಿದೆ.

ಇನ್ನು ನಿನಗೆ ನೆಪವಿಲ್ಲ. ಡಿಸೆಂಬರ್ ಒಂದು, ಭಾನುವಾರ, ಬಂದು ನೋಡು. ಪ್ರಯಾಣಿಕರಾಗಿ ನಮ್ಮ ಮನೆಯವರೇ ಕೂರುತ್ತಾರೆ. ಮಗಳು ವಿಜಯಶ್ರೀಯೂ ಔರಾದಿನ ಗಂಡನ ಮನೆಯಿಂದ ಬರುತ್ತಾಳೆ. ಎಲ್ಲರಿಗೂ ಬಕಲ್ ಹಾಕುವುದು ಕಲಿಸಿದ್ದೇನೆ. ಪೆನ್ನು ಮರೆಯಬೇಡ.

ಹೊಟ್ಟೆ ಉರಿಯುತ್ತಿರುವ
ಶಿವರಾಜಪ್ಪ

ಭಾಲ್ಕಿ
3 ಡಿಸೆಂಬರ್ 2024

ಮುನೀರ ಭಾಯಿ,

ನಿನ್ನ ಮಗ ಫೋನಿನಲ್ಲಿ ‘ಅಬ್ಬಾ ಮಲಗಿದ್ದಾರೆ’ ಅನ್ನುತ್ತಾನೆ. ಮೂರು ಸಲ ಮಾಡಿದೆ, ಮೂರು ಸಲವೂ ನೀನು ಮಲಗಿದ್ದೆ. ಎದ್ದಾಗ ಇದನ್ನು ಓದು. ಭಾನುವಾರ ನಡೆದದ್ದನ್ನು ನೀನು ನೀರಿನೊಳಗಿಂದ ನೋಡಿದ್ದೀಯ, ನಾನು ದಂಡೆಯಿಂದ ನೋಡಿದ್ದೇನೆ. ನನ್ನ ಕಡೆಯದನ್ನು ಬರೆದಿಡುತ್ತೇನೆ.

ಹುಟ್ಟಿನ ದೋಣಿಯಲ್ಲಿ ಆರು ಮಂದಿ ಕೂತಿದ್ದರು. ನನ್ನ ಮನೆಯವಳು ವಿಮಲಾಬಾಯಿ, ವಿಜಯಶ್ರೀ, ಪಕ್ಕದ ಮನೆಯ ಶಾಲುಬಾಯಿ, ಆಕೆಯ ಇಬ್ಬರು ಸೊಸೆಯಂದಿರು, ಹುಟ್ಟಿನ ಮೇಲೆ ಮಕ್ಬೂಲ. ಆರು ಜಾಕೆಟ್ಟು, ಹದಿನೆಂಟು ಬಕಲ್. ನಾನೇ ಎಳೆದು ನೋಡಿದ್ದೆ. ಹೆಂಗಸರ ಭಾರ ಎರಡೂ ಮಗ್ಗುಲಿಗೆ ಸಮ ಹಂಚಿದ್ದೆ. ಮಕ್ಬೂಲ ನೀನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ. ನಿನ್ನ ಮುಖದಲ್ಲಿ ರುಜುವಿನ ಬೆಳಕು ಕಾಣತೊಡಗಿತ್ತು.

‘ಒಂದ್ ಸುತ್ತ ಹೋಗಿ ಬರೂಣು’ ಎಂದು ನೀನು ಹಲಗೆಯ ಮೇಲಿಂದ ಬಲಗಾಲು ಒಳಗಿಟ್ಟೆ.

‘ಬರ್ರಿ ಸಾಹೇಬ್ರ’ ಎಂದು ವಿಮಲಾಬಾಯಿ ಸೆರಗು ತಲೆಗೆಳೆದುಕೊಂಡು ಎದ್ದು ನಿಂತಳು. ಅವಳು ಎದ್ದ ಮೇಲೆ ಉಳಿದವರು ಕೂರುವುದುಂಟೇ? ಐವರೂ ಎದ್ದರು. ಐವರೂ ನಿನ್ನ ಕಡೆಗೇ ತಿರುಗಿ, ದಾರಿ ಬಿಡಲೆಂದು ಒಂದೊಂದು ಹೆಜ್ಜೆ ಸರಿದರು. ಮಕ್ಬೂಲ ‘ಕೂಡ್ರೀ! ಕೂಡ್ರೀ!’ ಎಂದು ಚೀರಿದ. ಮನೆಗೆ ಹಿರಿಯರು ಬಂದರೆ ಎಲ್ಲರೂ ಹಾಗೇ ಅನ್ನುತ್ತಾರಲ್ಲ, ಅವನು ನಿನಗೆ ಉಪಚಾರ ಮಾಡುತ್ತಿದ್ದಾನೆಂದು ಅವರು ನಿಂತೇ ಇದ್ದರು.

ದೋಣಿ ಮಗ್ಗುಲಾಯಿತು.

ಎಣಿಸುವುದು ನನ್ನ ಚಟ. ಆ ಹೊತ್ತಿನಲ್ಲೂ ಎಣಿಸಿದೆ. ನೀರಿನ ಮೇಲೆ ಆರು ತಲೆ. ಏಳಿರಬೇಕಿತ್ತು.

ಮತ್ತೆ ಎಣಿಸಿದೆ. ಆರೇ. ನಿನ್ನ ಜಾಕೆಟ್ಟು ಮಾತ್ರ ಬೇರೆಯಾಗಿ ತೇಲುತ್ತಿತ್ತು. ನಾನು ಹಾರುವವನಿದ್ದೆ. ಹಾರಲಿಲ್ಲ. ಬೋರಲು ಬಿದ್ದು ಗಳ ಚಾಚಿದೆ, ಗುಳ್ಳೆ ಕಂಡಲ್ಲಿ ಚುಚ್ಚಿದೆ. ನೀನು ಹಿಡಿದೆ. ಅಷ್ಟು ಭಾರವಾಗಿ ಯಾರೂ ಯಾವುದನ್ನೂ ಹಿಡಿದದ್ದನ್ನು ನಾನು ಕಂಡಿಲ್ಲ.

ನಿನ್ನ ಜಾಕೆಟ್ಟಿನ ಬಗ್ಗೆ ನಾನು ಯಾರಿಗೂ ಹೇಳಿಲ್ಲ.

ಶಿವರಾಜಪ್ಪ

ಭಾಲ್ಕಿ
19 ಡಿಸೆಂಬರ್ 2024

ಮುನೀರ ಭಾಯಿ,

ಹದಿನಾರು ದಿನ. ಒಂದು ಕಾರ್ಡು ಬರೆಯಲಾರದಷ್ಟು ನೀರು ಕುಡಿದಿದ್ದೆಯಾ?

ಮನೆಯವಳು ಊಟಕ್ಕೆ ಕೂತರೆ ‘ನಾ ಏಳಬಾರದಿತ್ತು’ ಅನ್ನುತ್ತಾಳೆ, ಎದ್ದರೆ ‘ಸಾಹೇಬ್ರು ಬಂದ್ರ ಕೂತಿರಾಕ ಬರ್ತದೇನ್ರಿ?’ ಅನ್ನುತ್ತಾಳೆ. ದಿನಕ್ಕೆ ಎರಡು ಸಲ ಎರಡನ್ನೂ ಕೇಳುತ್ತೇನೆ. ಅವಳಿಗಾದರೂ ಎರಡು ಸಾಲು ಬರೆ. ನನಗೆ ಬೇಡ.

ಶಿವರಾಜಪ್ಪ

ಬೀದರ
28 ಡಿಸೆಂಬರ್ 2024

ಶಿವರಾಜ,

ವಿಮಲಾಬಾಯಿ ಭಾಭಿಗೆ ಹೇಳು, ಅವರದೇನೂ ತಪ್ಪಿಲ್ಲ. ಅವರಿಗೆ ಬಕಲ್ ಹಾಕುವುದನ್ನು ಕಲಿಸಿದ್ದರು, ಹಾಕಿದರು. ಕೂತೇ ಇರುವುದನ್ನು ಯಾರೂ ಕಲಿಸಿರಲಿಲ್ಲ. ರಶೀದನೂ ಕಲಿಸಲಿಲ್ಲ, ನಾನೂ ಬರೆದಿರಲಿಲ್ಲ. ನಮ್ಮ ತರಬೇತಿಯ ಪುಸ್ತಕದಲ್ಲಿ ಅದು ಇರಲೇ ಇಲ್ಲ. ಪುಸ್ತಕ ಬರೆದವರ ಮನೆಗೆ ನಮ್ಮಂಥ ನೆಂಟರು ಬರುತ್ತಿರಲಿಲ್ಲವೇನೋ.

ನನ್ನ ಜಾಕೆಟ್ಟಿನ ಮೂರು ಬಕಲ್‌ಗಳಲ್ಲಿ ಒಂದನ್ನೂ ನಾನು ಹಾಕಿರಲಿಲ್ಲ. ಎಡಭುಜ ನೋಯುತ್ತಿತ್ತು. ಪರೀಕ್ಷೆ ಮಾಡಲು ಬಂದವನು ನಾನಲ್ಲವೇ, ನನ್ನನ್ನು ಎಳೆದು ನೋಡುವವರು ಯಾರು? ಮೂವತ್ತೊಂದು ವರ್ಷ ಬೇರೆಯವರಿಗೆ ಬೈದ ತಪ್ಪಿದು. ಅದಕ್ಕೇ ಬರೆಯಲಾಗಲಿಲ್ಲ.

ನಿನ್ನ ಕಾಗದಕ್ಕೆ ರುಜು ಮಾಡಿ ಇದರ ಜೊತೆ ಇಟ್ಟಿದ್ದೇನೆ. ನೀನು ಗಳ ಚಾಚುವುದನ್ನು ಕೆಳಗಿನಿಂದ ನೋಡಿದವನು ನಾನು. ಇಲ್ಲ ಅನ್ನುವ ಹಕ್ಕು ಇನ್ನು ನನಗಿಲ್ಲ. ದೋಣಿ ಬಿಡು.

ಮುನೀರೋದ್ದೀನ

ಭಾಲ್ಕಿ
4 ಜನವರಿ 2025

ಮುನೀರ ಭಾಯಿಗೆ ಶರಣು.

ನಾಲ್ಕು ತಿಂಗಳು ಬೇಡಿದೆ, ಕೊಡಲಿಲ್ಲ. ಈಗ ಬೇಡವಾದಾಗ ಕಳಿಸಿದ್ದೀಯ. ನಿನ್ನ ಹೊತ್ತುಗೊತ್ತು ನಿನಗೇ ಪ್ರೀತಿ. ಕಾಗದವನ್ನು ವಾಪಸು ಇಟ್ಟಿದ್ದೇನೆ, ಹರಿದು ಹಾಕು. ಇದರಲ್ಲಿ ‘ಬಾಡಿಗೆಗೆ ಹತ್ತುವವರಿಗೂ’ ಎಂದಿದೆ. ಅದು ಇನ್ನೂ ಸುಳ್ಳು.

ಇಲ್ಲಿ ನಡೆದದ್ದನ್ನು ಕೇಳು. ದಂಡೆಯ ಮೇಲೆ ಸುಣ್ಣದಿಂದ ದೋಣಿಯಷ್ಟೇ ಉದ್ದಗಲದ ದೋಣಿ ಬರೆಸಿದೆ. ಒಳಗೆ ಕೂರಲು ಹಲಗೆ. ಜನ ಬಂದು ಕೂರಬೇಕು, ಒಬ್ಬ ಹಿರಿಯರು ಒಳಗೆ ಕಾಲಿಡುತ್ತಾರೆ, ಯಾರೂ ಏಳಬಾರದು. ಹಿರಿಯರ ಪಾತ್ರಕ್ಕೆ ಕುಲಸುಮಬೀಯನ್ನು ಕರೆದೆ. ಔರಾದಿನ ಆರು ಮಂದಿಯನ್ನು ಕೂರಿಸಿದೆ. ಆಕೆ ಒಳಗೆ ಬಂದಳು. ಒಬ್ಬರೂ ಏಳಲಿಲ್ಲ. ನಾನು ಚಪ್ಪಾಳೆ ತಟ್ಟಿದೆ.

ಕುಲಸುಮಬೀ ನನ್ನನ್ನು ಮೇಲಿಂದ ಕೆಳತನಕ ನೋಡಿದಳು. ‘ಶೇಂಗಾ ಮಾರಾಕಿಗೆ ಯಾರ ಏಳ್ತಾರೋ ಶಿವರಾಜಾ? ನಾ ಹತ್ತಿದ ದೋಣಿ ಎಂದೂ ಮುಳಗಂಗಿಲ್ಲ ಬಿಡು.’

ಚಪ್ಪಾಳೆ ತಟ್ಟಿದ ಕೈಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಎಲ್ಲರಿಗೂ ಒಬ್ಬರೇ ಹಿರಿಯರು ಸಾಲುವುದಿಲ್ಲ, ಭಾಯಿ. ಅವರವರು ಯಾರಿಗೆ ಏಳುತ್ತಾರೋ ಅವರೇ ಬೇಕು. ಈಗ ಬಂದ ಗುಂಪನ್ನೇ ಕೇಳುತ್ತೇನೆ, ‘ನಿಮ್ಮಾಗ ಹಿರ್ಯಾರು ಯಾರ್ರಿ?’ ಆ ಹಿರಿಯರನ್ನು ಕೊನೆಗೆ ಒಳಗೆ ಬಿಡುತ್ತೇನೆ. ಎದ್ದರೆ ಇಳಿಯಬೇಕು, ಮತ್ತೆ ಮೊದಲಿನಿಂದ. ಕುಲಸುಮಬೀಗೆ ಪರೀಕ್ಷಕಿಯ ಕೆಲಸ ಕೊಟ್ಟಿದ್ದೇನೆ. ಒಂದು ಮೊಣಕಾಲು ಅಲುಗಿದರೂ ಕೂಗುತ್ತಾಳೆ. ಅಭ್ಯಾಸಕ್ಕೆಂದು ನಿನ್ನೆ ಬಂದ ನಲವತ್ಮೂರು ಜನರಲ್ಲಿ ಮೊದಲ ಸಲಕ್ಕೆ ಕೂತೇ ಇದ್ದವರು ಒಂಬತ್ತು. ಉಳಿದವರು ಗಂಟು ಬಿಚ್ಚಿದ ಸ್ಪ್ರಿಂಗು.

ಹತ್ತೊಂಬತ್ತನೇ ತಾರೀಖು ಬಾ. ಈ ಸಲ ನಿನ್ನ ಬಕಲ್‌ಗಳನ್ನು ನಾನು ಎಳೆದು ನೋಡುತ್ತೇನೆ.

ಶಿವರಾಜಪ್ಪ

ಬೀದರ
20 ಜನವರಿ 2025

ಶಿವರಾಜ,

ನಿನ್ನೆ ನಾನು ಏನೂ ಮಾತಾಡದೆ ಬಸ್ಸು ಹತ್ತಿದೆ ಎಂದು ನೀನು ಮುಖ ಊದಿಸಿಕೊಂಡಿರಬೇಕು. ಈಗ ಬರೆಯುತ್ತೇನೆ.

ಅದೇ ದೋಣಿ, ಅದೇ ಹೆಂಗಸರು. ನೀನು ನನ್ನ ಬಕಲ್‌ಗಳನ್ನು ಎಳೆದೆ, ಕತ್ತೆಗೆ ಜೀನು ಬಿಗಿದ ಹಾಗೆ. ನಾನು ಒಳಗೆ ಕಾಲಿಟ್ಟೆ. ಯಾರೂ ಏಳಲಿಲ್ಲ. ಭಾಭಿ ಎರಡೂ ಕೈಗಳಿಂದ ಹಲಗೆಯನ್ನು ಬಿಗಿಯಾಗಿ ಹಿಡಿದಿದ್ದರು. ಕಣ್ಣು ಮೇಲೆತ್ತಲಿಲ್ಲ.

ಸುಳ್ಳು ಹೇಳುವುದಿಲ್ಲ, ಒಂದು ಗಳಿಗೆ ನನಗೆ ಸಿಟ್ಟು ಬಂತು. ಆಫೀಸಿನಲ್ಲಿ, ಮದುವೆ ಮನೆಗಳಲ್ಲಿ, ಎಲ್ಲೇ ಹೋದರೂ ನಾಲ್ಕು ಜನ ಎದ್ದು ನಿಂತು ಅಭ್ಯಾಸವಾಗಿಬಿಟ್ಟಿದೆ. ದೋಣಿ ಮಾತ್ರ ಅಲುಗಲಿಲ್ಲ. ಕೆರೆಯ ನಡುವೆ ಹೋಗುವ ತನಕ ಆ ಸಿಟ್ಟಿನ ಜೊತೆ ಕೂತಿದ್ದೆ. ವಾಪಸು ಬರುವಾಗ ಅದು ಇರಲಿಲ್ಲ.

ಹೊಸ ಕಾಗದ ನಾನೇ ಬರೆದಿದ್ದೇನೆ. ರುಜು ಇದೆ. ಒಂದು ಸಾಲು ಸೇರಿಸಿದ್ದೇನೆ: ಸುಣ್ಣದ ದೋಣಿಯಲ್ಲಿ ಕೂತು ತೋರಿಸದವರನ್ನು, ಅವರು ಯಾರೇ ಆಗಿರಲಿ, ನೀರಿನ ದೋಣಿಗೆ ಹತ್ತಿಸುವಂತಿಲ್ಲ. ತಪ್ಪಿದ ದಿನ ಈ ರುಜು ಇಲ್ಲವೆಂದು ತಿಳಿ.

ಮುನೀರೋದ್ದೀನ

ಭಾಲ್ಕಿ
27 ಜನವರಿ 2025

ಮುನೀರ ಭಾಯಿ,

‘ಅವರು ಯಾರೇ ಆಗಿರಲಿ’ ಎಂದು ಬರೆಯುವಾಗ ನಿನ್ನ ಕೈಗೆ ಏನಾದರೂ ಆಗಬಾರದಿತ್ತೇ?

ನಿನ್ನೆ ದೋಣಿ ಬಿಟ್ಟೆವು. ಮೊದಲ ಗುಂಪೇ ಔರಾದಿನ ಬೀಗರು. ವಿಜಯಶ್ರೀಯ ಮಾವ ಬಕ್ಕಪ್ಪನವರು ಗುಲಾಬಿ ರುಮಾಲು ಸುತ್ತಿಕೊಂಡು, ಮನೆಮಂದಿ ಹನ್ನೊಂದು ಜನರೊಂದಿಗೆ ಜೀಪಿನಿಂದ ಇಳಿದರು. ನಾನು ಶಾಲು ಹೊದಿಸಿದೆ. ಚಹಾ ಕೊಟ್ಟೆ. ಸುಣ್ಣದ ದೋಣಿ ತೋರಿಸಿದೆ.

‘ಇದೇನ್ರಿ ಬೀಗ್ರ, ಕುಂಟಾಬಿಲ್ಲಿ ಆಡಸ್ತೀರೇನು?’ ಎಂದು ನಕ್ಕರು. ವಿವರಿಸಿದೆ. ನಗು ನಿಂತಿತು.

‘ಅಂದ್ರ ನಾ ಬರಬೇಕು, ನಮ್ಮ ಮನಿ ಸೊಸಿ ನನ್ನ ಮುಂದ ಕೂತೇ ಇರಬೇಕು. ಇಷ್ಟು ಜನದ ಎದುರಿಗೆ. ಹೌದಲ್ರಿ?’

‘ನೀರಿನ ಮ್ಯಾಲ ಅಷ್ಟೇರಿ. ಕೆಳಗಿಳದ ಮ್ಯಾಲ ಸಾವಿರ ಸಲ ಏಳ್ತಾಳ.’

‘ನನಗ ಬ್ಯಾರೇರ ಲೆಕ್ಕ ಹಚ್ಚಬ್ಯಾಡ್ರಿ. ನಾ ಬೀಗ ಇದ್ದೀನಿ. ಬರೇ ಒಂದ್ ಸುತ್ತ, ಇದೆಲ್ಲಾ ಬಿಟ್ಟು.’

ಭಾಯಿ, ಸೆಪ್ಟೆಂಬರಿನಲ್ಲಿ ನಾನು ನಿನಗೆ ಬರೆದ ದನಿಯೇ ಅದು. ನನ್ನ ಎದುರಿಗೆ ರುಮಾಲು ಸುತ್ತಿಕೊಂಡು ನಾನೇ ನಿಂತಿದ್ದೆ, ಮತ್ತು ನನ್ನನ್ನು ಕಂಡು ನನಗೆ ಮೈ ಉರಿಯಿತು.

ಆಗಲ್ಲ ಎಂದೆ.

ವಿಜಯಶ್ರೀ ಅಷ್ಟರಲ್ಲೇ ಹೋಗಿ ಸುಣ್ಣದ ದೋಣಿಯಲ್ಲಿ ಕೂತುಬಿಟ್ಟಿದ್ದಳು. ನಾನು ಹೇಳಿರಲಿಲ್ಲ. ಬಕ್ಕಪ್ಪನವರು ಗೆರೆಯ ಹತ್ತಿರ ಬಂದು ನಿಂತು ಅವಳನ್ನೇ ನೋಡಿದರು. ಅವಳು ಸೆರಗು ಸರಿಪಡಿಸಿಕೊಂಡಳು, ಹಲಗೆ ಬಿಡಲಿಲ್ಲ. ‘ಬರ್ರಿ ಮಾವಾರ’ ಎಂದಳು, ಕೂತಲ್ಲಿಂದಲೇ. ಅವಳು ಡಿಸೆಂಬರಿನಲ್ಲಿ ನೀರೊಳಗಿದ್ದವಳು. ನಾವು ಗಂಡಸರು ಇಲ್ಲಿ ಏನು ಮಾತಾಡುತ್ತಿದ್ದೇವೆಂದು ಅವಳಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು.

ಅವರು ಗೆರೆ ದಾಟಲಿಲ್ಲ. ಜೀಪು ಹತ್ತಿದರು. ಶಾಲು ಏರಿಯ ಕಲ್ಲಿನ ಮೇಲೆ ಉಳಿಯಿತು. ವಿಜಯಶ್ರೀಯೂ ಅವರ ಹಿಂದೆಯೇ ಹೋಗಬೇಕಾಯಿತು. ಅವಳ ಮನೆ ಅದು.

ಆಮೇಲೆ ದಿನವಿಡೀ ಐದು ಹಂಸಗಳು ತುಂಬಿಯೇ ಹೋದವು, ಬಾತುಕೋಳಿಯನ್ನೂ ಸೇರಿಸಿ. ಡಾಬಕಾದ ಒಂದು ಮುದಿ ದಂಪತಿ ಮೂರು ಸಲ ಫೇಲಾಗಿ ನಾಲ್ಕನೇ ಸಲ ಪಾಸಾದರು. ನಾನು ಏನನ್ನೂ ನೋಡಲಿಲ್ಲ. ರಾತ್ರಿ ಊಟಕ್ಕೆ ಮನೆಯವಳು ತಟ್ಟೆಯನ್ನು ಕುಕ್ಕಿ ಇಟ್ಟಳು, ಆದರೆ ರೊಟ್ಟಿ ಬಿಸಿ ಇತ್ತು. ಅದರ ಅರ್ಥ ಇನ್ನೂ ಬಿಡಿಸುತ್ತಿದ್ದೇನೆ.

ಇವತ್ತು ಮುಂಜಾನೆ ಔರಾದಿನಿಂದ ಮಾತು ಬಂದಿದೆ. ಬೀಗರು ಬರುವ ಭಾನುವಾರ ಮತ್ತೆ ಬರುತ್ತಾರಂತೆ, ವಿಜಯಶ್ರೀಯನ್ನೂ ಕರೆತರುತ್ತಾರಂತೆ. ಅವರು ಬರುವ ಮೊದಲು ಆ ಸುಣ್ಣದ ಗೆರೆಯನ್ನು ನೀರು ಹಾಕಿ ತೊಳೆದಿಡಬೇಕಂತೆ. ತೊಳೆಯದಿದ್ದರೆ ಮಗಳು ಬರುವುದಿಲ್ಲವೋ, ಅವರು ಬರುವುದಿಲ್ಲವೋ, ಅದನ್ನು ಬಿಡಿಸಿ ಹೇಳಲಿಲ್ಲ.

ನನ್ನಂಥವನನ್ನು ನೀನು ನಾಲ್ಕು ತಿಂಗಳು ಹೇಗೆ ತಡೆದೆ? ಭಾನುವಾರದೊಳಗೆ ಬರೆ. ಗೆರೆ ಇಬ್ಬನಿಗೆ ಸ್ವಲ್ಪ ಮಾಸಿತ್ತು. ಮಕ್ಬೂಲನಿಗೆ ಇನ್ನೊಂದು ಕೈ ಸುಣ್ಣ ಹೊಡೆಯಲು ಹೇಳಿ ಇದನ್ನು ಟಪಾಲಿಗೆ ಹಾಕುತ್ತಿದ್ದೇನೆ.

ನಿನ್ನ ರುಜುವಿಗೆ ಸಿಕ್ಕಿಬಿದ್ದ
ಶಿವರಾಜಪ್ಪ